ನವೋದಯವೋ, ಮೊರಾರ್ಜಿಯೋ, ಖಾಸಗಿ ವಸತಿ ಶಾಲೆಯೋ? ಆರನೇ ತರಗತಿಗೆ ಮಗುವನ್ನು ಹಾಸ್ಟೆಲಿಗೆ ಕಳಿಸುವ ಮುಂಚೆ ನೋಡಬೇಕಾದ್ದು

ಐದನೇ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು. ಮುಂದೆ ಎಲ್ಲಿಗೆ ಹಾಕೋದು? ಹೊಸನಗರ, ಸಾಗರ, ತೀರ್ಥಹಳ್ಳಿ, ಸೊರಬದ ಒಳಗಿನ ಎಷ್ಟೋ ಹಳ್ಳಿಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆ ಐದಕ್ಕೇ ಮುಗಿಯುತ್ತದೆ. ಅಲ್ಲಿಂದ ಮುಂದೆ ಮಳೆಯಲ್ಲಿ ನಡೆಯಬೇಕು, ಇಲ್ಲಾ ದಿನಕ್ಕೆ ಎರಡು ಸಲ ಬರುವ ಬಸ್ಸನ್ನು ನಂಬಿಕೊಂಡಿರಬೇಕು. ಹಾಗಾಗಿ ಹಾಸ್ಟೆಲ್ ಅನ್ನೋದು ಇಲ್ಲಿ ಶೋಕಿಯ ಮಾತಲ್ಲ, ಬಹಳ ಮನೆಗಳಿಗೆ ಅದು ಅಗತ್ಯ.

ನಾನು ಐದನೇ ತರಗತಿಗೆ ಪಾಠ ಮಾಡುತ್ತೇನೆ. ದೀಪಾವಳಿ ಕಳೆಯುತ್ತಿದ್ದಂತೆ ಅಪ್ಪ ಅಮ್ಮಂದಿರು ಶಾಲೆಗೆ ಬಂದು ಕೇಳಲು ಶುರು ಮಾಡುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಫೀಸು, ಎರಡನೆಯದು ರಿಸಲ್ಟು. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ನಾನು ಮೂರನೆಯದೊಂದನ್ನು ಮೊದಲು ಕೇಳಿ ಅನ್ನುತ್ತೇನೆ: ಅಲ್ಲಿನ ನಿಯಮ ಏನು? ಮನೆಗೆ ಯಾವಾಗ ಬಿಡುತ್ತಾರೆ, ಫೋನ್ ಎಷ್ಟು ದಿನಕ್ಕೊಮ್ಮೆ, ಜ್ವರ ಬಂದರೆ ಯಾರು ನೋಡುತ್ತಾರೆ, ತಪ್ಪು ಮಾಡಿದರೆ ಏನು ಶಿಕ್ಷೆ. ಹತ್ತು ಹನ್ನೊಂದು ವರ್ಷದ ಮಗು ದಿನವಿಡೀ ಬದುಕುವುದು ಈ ನಿಯಮಗಳ ಒಳಗೆ. ಕಟ್ಟಡ, ಸ್ಮಾರ್ಟ್ ಕ್ಲಾಸು, ಗೇಟಿನ ಮುಂದಿನ ಟಾಪರ್‌ಗಳ ಫ್ಲೆಕ್ಸು, ಇವೆಲ್ಲ ಆಮೇಲೆ.

ಮೊದಲು ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಗಾಜನೂರಿನ ನವೋದಯ

ಶಿವಮೊಗ್ಗ ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಗಾಜನೂರಿನಲ್ಲಿ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ತುಂಗಾ ಅಣೆಕಟ್ಟಿನ ಹತ್ತಿರ. ಚಿಕ್ಕಮಗಳೂರು ಜಿಲ್ಲೆಯವರಿಗೆ ಬಾಳೆಹೊನ್ನೂರಿನದು. ನೀವು ಯಾವ ಜಿಲ್ಲೆಯವರೋ, ಮಗು ಐದನೇ ತರಗತಿ ಓದುತ್ತಿರುವುದು ಯಾವ ಜಿಲ್ಲೆಯಲ್ಲೋ, ಅಲ್ಲಿಗೇ ಅರ್ಜಿ. ಚಿಕ್ಕಮಗಳೂರು ಜಿಲ್ಲೆಯವರು ಗಾಜನೂರಿಗೆ ಬರೆಯಲು ಆಗುವುದಿಲ್ಲ.

ಇದು ಕೇಂದ್ರ ಸರ್ಕಾರದ ಶಾಲೆ, ಸಿಬಿಎಸ್‌ಇ, ಆರರಿಂದ ಹನ್ನೆರಡನೇ ತರಗತಿವರೆಗೆ, ಹುಡುಗ ಹುಡುಗಿಯರು ಇಬ್ಬರಿಗೂ. ಊಟ, ವಸತಿ, ಬಟ್ಟೆ, ಪುಸ್ತಕ ಉಚಿತ. 9ನೇ ತರಗತಿಯಿಂದ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಅಂತ ಶಾಲೆಗೆ ಕಟ್ಟಬೇಕು. ಹುಡುಗಿಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಇದಕ್ಕಿಂತ ಜಾಸ್ತಿ ಕಟ್ಟಬೇಕಾಗುತ್ತದೆ.

ಆರನೇ ತರಗತಿಗೆ ಒಂದು ಶಾಲೆಗೆ ಸಾಮಾನ್ಯವಾಗಿ 80 ಸೀಟು. ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅದರಲ್ಲಿ ಅರ್ಧ ಮಾನಸಿಕ ಸಾಮರ್ಥ್ಯ, ಉಳಿದದ್ದು ಗಣಿತ ಮತ್ತು ಭಾಷೆ. ಕನ್ನಡದಲ್ಲೇ ಬರೆಯಬಹುದು. ಮಗು ಆರನೇ ತರಗತಿಯ ಈ ಪರೀಕ್ಷೆಯನ್ನು ಬರೆಯಬಹುದಾದ್ದು ಒಂದೇ ಸಲ. ತಪ್ಪಿದರೆ ಮುಂದಿನ ವರ್ಷ ಮತ್ತೆ ನೋಡೋಣ ಅನ್ನುವ ಹಾಗಿಲ್ಲ. ಒಂಬತ್ತನೇ ತರಗತಿಗೆ ಖಾಲಿ ಸೀಟು ಇದ್ದರೆ ಅದಕ್ಕೆ ಬೇರೆ ಪರೀಕ್ಷೆ ಇದೆ.

ಇಲ್ಲಿ ಒಂದು ವಿಷಯವನ್ನು ನಾನು ಮೂರನೇ ತರಗತಿಯ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ. ನವೋದಯದಲ್ಲಿ ಕನಿಷ್ಠ ಮುಕ್ಕಾಲು ಪಾಲು ಸೀಟು ಗ್ರಾಮೀಣ ಮಕ್ಕಳಿಗೆ. ಆ ಪಾಲಿನಲ್ಲಿ ಬರಬೇಕಾದರೆ 3, 4, 5ನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಕೋಚಿಂಗ್ ಸಿಗುತ್ತದೆ ಅಂತ ನಾಲ್ಕನೇ ತರಗತಿಗೆ ಶಿವಮೊಗ್ಗಕ್ಕೋ ಸಾಗರಕ್ಕೋ ಕರೆದುಕೊಂಡು ಹೋಗಿ ಅಲ್ಲಿನ ಶಾಲೆಗೆ ಸೇರಿಸುತ್ತಾರಲ್ಲ, ಆ ಮಗು ಅಲ್ಲಿಗೆ ಗ್ರಾಮೀಣ ಪಾಲು ಕಳೆದುಕೊಂಡ ಹಾಗೆ. ಒಳ್ಳೆಯದಾಗಲಿ ಅಂತ ಮಾಡಿದ್ದೇ ಅಡ್ಡ ಬರುತ್ತದೆ. ನವೋದಯದ ಆಸೆ ಇದ್ದರೆ ಮಗುವನ್ನು ಊರ ಶಾಲೆಯಲ್ಲೇ ಬಿಡಿ, ಮನೆಯಲ್ಲಿ ದಿನಾ ಒಂದು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಮಾಡಿಸಿ. ಸಾಕು.

ಇನ್ನೊಂದು ನಿಯಮ, ಸೀಟು ಸಿಕ್ಕ ಖುಷಿಯಲ್ಲಿ ಯಾರೂ ಸರಿಯಾಗಿ ಓದದೆ ಸಹಿ ಹಾಕುವುದು. ಒಂಬತ್ತನೇ ತರಗತಿಯಲ್ಲಿ ಸುಮಾರು 30 ಶೇಕಡಾ ಮಕ್ಕಳನ್ನು ಒಂದು ವರ್ಷ ಹಿಂದಿ ಮಾತಾಡುವ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ, ಅಲ್ಲಿನ ಮಕ್ಕಳು ಇಲ್ಲಿಗೆ ಬರುತ್ತಾರೆ. ನನಗೆ ಈ ಪದ್ಧತಿ ಇಷ್ಟ. ಮಲೆನಾಡಿನ ಒಂದು ಮೂಲೆಯ ಮಗು ಹದಿನಾಲ್ಕನೇ ವಯಸ್ಸಿಗೆ ಇನ್ನೊಂದು ರಾಜ್ಯದಲ್ಲಿ ಒಂದು ವರ್ಷ ಇದ್ದು ಬರುವುದು ಸಣ್ಣ ವಿಷಯವಲ್ಲ. ಆದರೆ ಇದನ್ನು ಅಜ್ಜಿ ತಾತಂದಿರಿಗೂ ಮೊದಲೇ ಹೇಳಿಡಿ. ಒಂಬತ್ತನೇ ತರಗತಿ ಬಂದಾಗ ಮನೆಯಲ್ಲಿ ಗಲಾಟೆ ಎದ್ದರೆ ಕುಗ್ಗುವುದು ಮಗು.

ಮೊರಾರ್ಜಿ, ಚೆನ್ನಮ್ಮ ಮತ್ತು ಉಳಿದ ವಸತಿ ಶಾಲೆಗಳು

ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ಅಟಲ್ ಬಿಹಾರಿ ವಾಜಪೇಯಿ ಹೆಸರಿನ ವಸತಿ ಶಾಲೆಗಳನ್ನು ನಡೆಸುವುದು ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ. ಎಲ್ಲರ ಬಾಯಲ್ಲೂ ಕ್ರೈಸ್ ಅಂತಲೇ. ಇವು ಆರರಿಂದ ಹತ್ತರವರೆಗೆ, ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ. ಕೆಲವು ಕಡೆ ಪಿಯುಸಿ ಕೂಡ ಇದೆ. ಚೆನ್ನಮ್ಮ ಶಾಲೆಗಳಲ್ಲಿ ಹಲವು ಹೆಣ್ಣುಮಕ್ಕಳಿಗೆ ಮಾತ್ರ. ಇಲ್ಲೂ ಊಟ, ವಸತಿ, ಸಮವಸ್ತ್ರ, ಪುಸ್ತಕ, ಸೋಪು ಎಣ್ಣೆ ಎಲ್ಲ ಸರ್ಕಾರದ್ದು. ಪ್ರವೇಶ ಪರೀಕ್ಷೆ ನಡೆಸುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ.

ನವೋದಯ ಜಿಲ್ಲೆಗೆ ಒಂದು. ಇವು ತಾಲ್ಲೂಕುಗಳಲ್ಲೇ ಇವೆ. ನನ್ನ ಕಣ್ಣಿಗೆ ಇದು ಇವುಗಳ ದೊಡ್ಡ ಗುಣ. ಮಗುವಿಗೆ ಜ್ವರ ಅಂತ ಫೋನ್ ಬಂದರೆ ಒಂದು ಬಸ್ಸಿನಲ್ಲಿ ಹೋಗಿ ಮುಟ್ಟಬಹುದು ಅನ್ನುವುದು ಮಳೆಗಾಲದ ರಾತ್ರಿಯಲ್ಲಿ ಎಷ್ಟು ದೊಡ್ಡ ಧೈರ್ಯ ಗೊತ್ತಾ? ಅರ್ಜಿ ಹಾಕುವಾಗ ಶಾಲೆಗಳ ಆಯ್ಕೆ ಕೇಳುತ್ತಾರೆ. ಹೆಸರು ಮಾಡಿದ ಶಾಲೆ ಅಂತ ದೂರದ್ದನ್ನು ಮೊದಲು ಬರೆಯಬೇಡಿ. ನೀವೇ ಒಂದು ಸಲ ಹೋಗಿ ನೋಡಿ ಬಂದ ಹತ್ತಿರದ ಶಾಲೆ ಮೊದಲು ಬರಲಿ. ಸ್ವಂತ ಕಟ್ಟಡ ಇದೆಯಾ, ಬಾಡಿಗೆ ಕಟ್ಟಡವಾ, ಅದನ್ನೂ ಕೇಳಿ. ಬಾಡಿಗೆ ಕಟ್ಟಡವಾದರೆ ಎಷ್ಟು ಮಕ್ಕಳಿಗೆ ಎಷ್ಟು ಬಚ್ಚಲು ಅನ್ನುವ ಲೆಕ್ಕವೇ ಮುಖ್ಯ.

ಕಷ್ಟ ಎಲ್ಲಿ ಅಂದರೆ ಭಾಷೆಯಲ್ಲಿ. ಐದರವರೆಗೆ ಕನ್ನಡದಲ್ಲಿ ಓದಿದ ಮಗು ಜೂನ್‌ನಲ್ಲಿ ಇದ್ದಕ್ಕಿದ್ದಂತೆ ವಿಜ್ಞಾನ, ಸಮಾಜ ಎರಡನ್ನೂ ಇಂಗ್ಲಿಷಿನಲ್ಲಿ ಓದಬೇಕು. ಮನೆ ಬಿಟ್ಟ ದುಃಖವೂ ಅದೇ ವಾರ. ಜಾಣ ಮಕ್ಕಳೂ ಮೊದಲ ಕಿರುಪರೀಕ್ಷೆಯಲ್ಲಿ ಕಡಿಮೆ ಅಂಕ ತಂದು ಅಳುತ್ತಾರೆ. ಅದು ದಡ್ಡತನವಲ್ಲ, ಸುಮಾರು ಒಂದು ವರ್ಷ ಹಿಡಿಯುತ್ತದೆ ಅಂತ ಮಗುವಿಗೆ ಮೊದಲೇ ಹೇಳಿ. ಬೇಸಿಗೆ ರಜೆಯಲ್ಲಿ ಆರನೇ ತರಗತಿಯ ಇಂಗ್ಲಿಷ್ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಕನ್ನಡದ್ದರ ಪಕ್ಕ ಇಟ್ಟು ಓದಿಸಿ. ಸಸ್ಯ, ನೀರು, ಬೆಳಕು, ಇಂಥ ನಾಲ್ಕು ಪಾಠವಾದರೂ ಆದರೆ ಮೊದಲ ತಿಂಗಳು ಹಗುರಾಗುತ್ತದೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬೇಕು, ಅದರ ಮೇಲಿರುವ ಆರ್‌ಡಿ ಸಂಖ್ಯೆ ಸರಿಯಾಗಿರಬೇಕು. ಆಧಾರ್, ಶಾಲೆಯ ಸ್ಯಾಟ್ಸ್ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಮಾಹಿತಿ) ದಾಖಲೆ, ಪ್ರಮಾಣಪತ್ರ ಮೂರರಲ್ಲೂ ಮಗುವಿನ ಹೆಸರು, ಅಪ್ಪನ ಹೆಸರು ಒಂದೇ ಥರ ಇರಲಿ. ಇನಿಷಿಯಲ್ ಒಂದು ಕಡೆ ಹಿಂದೆ, ಒಂದು ಕಡೆ ಮುಂದೆ ಇದ್ದು ಕೊನೇ ದಿನ ಓಡಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಇದನ್ನು ಅರ್ಜಿ ಕರೆಯುವ ಮುಂಚೆಯೇ ಸರಿಮಾಡಿಸಿಕೊಳ್ಳಿ.

ಖಾಸಗಿ ವಸತಿ ಶಾಲೆ

ಇದರಲ್ಲಿ ಒಳ್ಳೆಯವೂ ಇವೆ, ಕಣ್ಣುಮುಚ್ಚಿ ಕಳಿಸಬಾರದವೂ ಇವೆ. ಹಾಗಾಗಿ ಒಟ್ಟಾಗಿ ಏನೂ ಹೇಳುವುದಿಲ್ಲ. ಕೇಳಬೇಕಾದ್ದನ್ನು ಮಾತ್ರ ಹೇಳುತ್ತೇನೆ.

ದುಡ್ಡಿನ ವಿಷಯ ಮೊದಲು. ಒಂದೇ ಮೊತ್ತ ಹೇಳಿದರೆ ಒಪ್ಪಬೇಡಿ. ಬೋಧನಾ ಶುಲ್ಕ ಎಷ್ಟು, ಹಾಸ್ಟೆಲ್ ಎಷ್ಟು, ಮೆಸ್ ಎಷ್ಟು, ಸಮವಸ್ತ್ರ ಹೊರಗೆ ಕೊಳ್ಳಬಹುದಾ, ಪ್ರವಾಸ, ಬಟ್ಟೆ ಒಗೆಸುವುದು, ಠೇವಣಿ, ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮುಖ್ಯವಾಗಿ, ಮಗು ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ? ಇದು ಯಾಕೆ ಅಂದರೆ ಖಾಸಗಿಯವರು ಬೇಸಿಗೆಗೆ ಮುಂಚೆಯೇ ಸೀಟು ಮುಗಿಯುತ್ತದೆ ಅಂತ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ನವೋದಯದ ಪಟ್ಟಿ, ಕ್ರೈಸ್‌ನ ಸೀಟು ಹಂಚಿಕೆ ಬರುವುದು ಅದಾದ ಮೇಲೆ, ಅದೂ ಒಂದೇ ಸುತ್ತಿನಲ್ಲಿ ಮುಗಿಯುವುದಿಲ್ಲ. ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿದರೂ ಕಟ್ಟಿದ ದುಡ್ಡು ಹೋಗುತ್ತದಲ್ಲ ಅಂತ ಸರ್ಕಾರಿ ಸೀಟು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಅಡಿಕೆ ಮಾರಿದ ದುಡ್ಡು ಕೈಯಲ್ಲಿದ್ದಾಗ ಸಲೀಸಾಗಿ ಕಟ್ಟಿಬಿಡುತ್ತೇವೆ. ಕೊಳೆರೋಗ ಬಂದ ವರ್ಷ ಎರಡನೇ ಕಂತಿಗೆ ಏನು ಮಾಡುವುದು ಅನ್ನುವುದನ್ನೂ ಅವತ್ತೇ ಯೋಚಿಸಬೇಕು. ಹತ್ತನೇ ತರಗತಿವರೆಗಿನ ಐದು ವರ್ಷಕ್ಕೆ ಲೆಕ್ಕ ಹಾಕಿ, ಒಂದು ವರ್ಷಕ್ಕಲ್ಲ.

ಆಮೇಲೆ ದಿನಚರಿ. ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸುತ್ತಾರೆ, ರಾತ್ರಿ ಎಷ್ಟಕ್ಕೆ ದೀಪ ಆರುತ್ತದೆ, ನಡುವೆ ಆಟಕ್ಕೆ ಎಷ್ಟು ಹೊತ್ತು. ಆರನೇ ತರಗತಿಯಿಂದಲೇ ಫೌಂಡೇಶನ್ ಕೋರ್ಸು, ನೀಟ್, ಜೆಇಇ ಅಂತ ಹೇಳುವ ಕಡೆ ಮಗುವಿಗೆ ಒಂಬತ್ತು ಗಂಟೆ ನಿದ್ದೆ ಸಿಗುತ್ತದಾ ಅಂತ ನೇರವಾಗಿ ಕೇಳಿ. ಉತ್ತರ ಕೊಡಲು ತಡವರಿಸಿದರೆ ನಾನಂತೂ ಅಲ್ಲಿಗೆ ಕಳಿಸುವುದಿಲ್ಲ. ಬೆಳೆಯುವ ಮಗುವಿನ ನಿದ್ದೆ ಕಸಿದು ಕೊಡುವ ರ‍್ಯಾಂಕು ನನಗೆ ಬೇಡ.

ಇಲಾಖೆಯ ಹಾಸ್ಟೆಲ್, ಇಲ್ಲಾ ಮನೆಯಲ್ಲೇ

ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿ ನಿಲಯಗಳನ್ನು ಜನ ಯಾಕೋ ಮರೆತೇಬಿಡುತ್ತಾರೆ. ಇದಕ್ಕೆ ಪ್ರವೇಶ ಪರೀಕ್ಷೆ ಇಲ್ಲ. ಮಗು ಹಾಸ್ಟೆಲಿನಲ್ಲಿ ಇದ್ದು ಪಕ್ಕದ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುತ್ತದೆ. ಕನ್ನಡ ಮಾಧ್ಯಮದಲ್ಲೇ ಮುಂದುವರಿಯಬೇಕು ಅನ್ನುವವರಿಗೆ ಇದು ಒಳ್ಳೆಯ ದಾರಿ. ಇಲ್ಲಿ ಗಮನಿಸಬೇಕಾದ್ದು ಒಂದೇ: ಶಾಲೆಯ ಮೇಷ್ಟ್ರು ಬೇರೆ, ಹಾಸ್ಟೆಲಿನ ವಾರ್ಡನ್ ಬೇರೆ. ಮಗು ಶಾಲೆಗೆ ಹೋಗದಿದ್ದರೆ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರಾ? ಇಬ್ಬರ ನಂಬರೂ ನಿಮ್ಮ ಹತ್ತಿರ ಇರಲಿ, ತಿಂಗಳಿಗೊಮ್ಮೆ ಇಬ್ಬರಿಗೂ ನೀವೇ ಫೋನ್ ಮಾಡಿ.

ಇನ್ನು ಮನೆಯಲ್ಲೇ ಇರಿಸಿಕೊಂಡು ಓದಿಸುವುದು. ತಾಲ್ಲೂಕು ಕೇಂದ್ರದ ಹತ್ತಿರ ಇದ್ದರೆ ಆದರ್ಶ ವಿದ್ಯಾಲಯ ನೋಡಿ. ಆರರಿಂದ ಹತ್ತರವರೆಗೆ ಇಂಗ್ಲಿಷ್ ಮಾಧ್ಯಮ, ಪ್ರವೇಶ ಪರೀಕ್ಷೆ ಇದೆ, ಹಾಸ್ಟೆಲ್ ಇಲ್ಲ. ದಾರಿ ಬದಲಾದ ಊರುಗಳೂ ಇವೆ. ತುಮರಿ ಕಡೆಯವರು ಲಾಂಚಿಗೆ ಕಾದು ಸಾಗರಕ್ಕೆ ಬರಬೇಕಿತ್ತು, 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಆ ಲೆಕ್ಕವೇ ಬೇರೆ ಆಗಿದೆ. ಹಿಂದೆ ಅಣ್ಣನನ್ನು ಹಾಸ್ಟೆಲಿಗೆ ಹಾಕಿದ್ದೆವು ಅನ್ನುವ ಒಂದೇ ಕಾರಣಕ್ಕೆ ತಂಗಿಯನ್ನೂ ಕಳಿಸಬೇಕಾಗಿಲ್ಲ. ಬಸ್ಸು, ರಸ್ತೆ ಈಗ ಹೇಗಿದೆ ಅಂತ ಹೊಸದಾಗಿ ನೋಡಿ.

ನನ್ನ ಅಭಿಪ್ರಾಯ ಕೇಳಿದರೆ

ನವೋದಯ ಸಿಕ್ಕಿದರೆ, ಮಗುವಿಗೂ ಇಷ್ಟವಿದ್ದರೆ, ಕಳಿಸಿ. ಹನ್ನೆರಡರವರೆಗೆ ಮತ್ತೆ ಸೀಟು ಹುಡುಕುವ ಚಿಂತೆ ಇಲ್ಲ. ಅದು ಇಲ್ಲವಾದರೆ ಹತ್ತಿರದ ಕ್ರೈಸ್ ಶಾಲೆ. ಅದೂ ಇಲ್ಲವಾದರೆ, ಸಾಲ ಮಾಡಿ ಆರನೇ ತರಗತಿಗೇ ದೂರದ ಖಾಸಗಿ ಶಾಲೆಗೆ ಹಾಕುವುದಕ್ಕಿಂತ ಏಳು ಮುಗಿಯುವವರೆಗೆ ಊರ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿಸಿ, ಎಂಟಕ್ಕೆ ಹೈಸ್ಕೂಲು ಬದಲಾಗುವಾಗ ಹಾಸ್ಟೆಲ್ ಯೋಚನೆ ಮಾಡಿ. ಹದಿಮೂರು ವರ್ಷದ ಮಗು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳುತ್ತದೆ. ಹತ್ತು ವರ್ಷದ್ದು ಎಷ್ಟೋ ಸಲ ಹೇಳುವುದಿಲ್ಲ, ಊಟ ಬಿಡುತ್ತದೆ ಅಷ್ಟೆ. ರಾತ್ರಿ ಹಾಸಿಗೆ ಒದ್ದೆ ಮಾಡುವ, ಬಹಳ ನಾಚುವ, ಆಗಾಗ ಉಬ್ಬಸ ಬರುವ ಮಕ್ಕಳ ವಿಷಯದಲ್ಲಂತೂ ಒಂದೆರಡು ವರ್ಷ ಕಾದರೆ ಏನೂ ಮುಳುಗುವುದಿಲ್ಲ.

ನಿಯಮಗಳಲ್ಲಿ ಏನು ಹೋಲಿಸಬೇಕು

ಯಾವ ಶಾಲೆಗೆ ಹೋದರೂ ನಿಯಮಗಳ ಪ್ರತಿ ಕೇಳಿ ತೆಗೆದುಕೊಳ್ಳಿ. ಮನೆಗೆ ತಂದು ಮಗುವಿನ ಎದುರೇ ಜೋರಾಗಿ ಓದಿ. ಎರಡು ಮೂರು ಶಾಲೆಯದ್ದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಮೊದಲನೆಯದು ಭೇಟಿ ಮತ್ತು ರಜೆ. ತಿಂಗಳಿಗೊಂದು ಭಾನುವಾರ ಭೇಟಿ ಅನ್ನುವುದು ಸಾಮಾನ್ಯ ಪದ್ಧತಿ. ಹಬ್ಬಕ್ಕೆ, ಮನೆಯ ಮದುವೆಗೆ, ಯಾರಾದರೂ ತೀರಿಕೊಂಡಾಗ ಬಿಡುತ್ತಾರಾ? ಯಾರ ಜೊತೆ ಕಳಿಸುತ್ತಾರೆ? ಒಳ್ಳೆಯ ಶಾಲೆಗಳಲ್ಲಿ ಕಾರ್ಡಿನಲ್ಲಿ ಫೋಟೊ ಇರುವವರ ಜೊತೆ ಮಾತ್ರ. ಈ ನಿಯಮ ಕಟ್ಟುನಿಟ್ಟಾಗಿದ್ದಷ್ಟೂ ಒಳ್ಳೆಯದು, ಅದರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಆದರೆ ಅಪ್ಪ ಅಮ್ಮ ಇಬ್ಬರದ್ದೇ ಫೋಟೊ ಕೊಟ್ಟು ಸುಮ್ಮನಾಗಬೇಡಿ. ಮರ ಬಿದ್ದು ರಸ್ತೆ ಕಟ್ಟಾದ ದಿನ ನೀವು ತೀರ್ಥಹಳ್ಳಿಯಿಂದ ಆಚೆ ಸಿಕ್ಕಿಹಾಕಿಕೊಂಡಿರುತ್ತೀರಿ. ಶಾಲೆಯ ಹತ್ತಿರದ ಊರಿನಲ್ಲಿರುವ ಚಿಕ್ಕಪ್ಪನೋ ಅತ್ತೆಯೋ ಇದ್ದರೆ, ನಿಮಗೆ ಪೂರ್ತಿ ನಂಬಿಕೆ ಇರುವವರಾದರೆ, ಅವರ ಹೆಸರನ್ನೂ ಮೊದಲ ದಿನವೇ ಬರೆಸಿ.

ಮಳೆ ರಜೆಯ ಬಗ್ಗೆ ಒಂದು ಮಾತು. ಜಿಲ್ಲಾಧಿಕಾರಿ ರಜೆ ಕೊಟ್ಟರೆಂದು ಹಾಸ್ಟೆಲ್ ಮಕ್ಕಳನ್ನು ಕರೆತರಲು ಓಡಬೇಡಿ. ಆ ರಜೆ ಕೊಡುವುದೇ ಮಕ್ಕಳು ಆ ಮಳೆಯಲ್ಲಿ ರಸ್ತೆ ಮೇಲೆ, ಹಳ್ಳ ದಾಟುವ ಕಡೆ ಇರಬಾರದು ಅಂತ. ಅವತ್ತು ಹಾಸ್ಟೆಲಿನ ಒಳಗೆ ಇರುವುದೇ ಸುರಕ್ಷಿತ.

ಫೋನು. ಮಕ್ಕಳ ಕೈಗೆ ಮೊಬೈಲ್ ಕೊಡಬಾರದು ಅನ್ನುವ ನಿಯಮ ಬಹುತೇಕ ಎಲ್ಲ ಕಡೆ ಇದೆ, ಇರಲಿ. ಆದರೆ ವಾರಕ್ಕೊಮ್ಮೆಯಾದರೂ ಮಾತಾಡುವ ದಾರಿ ಬೇಕು, ಅದೂ ಯಾರೂ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳದ ಹಾಗೆ. ವಾರ್ಡನ್ ಎದುರು ಸ್ಪೀಕರಿನಲ್ಲಿ ಮಾತಾಡಿಸುವ ಕಡೆ ಮಗು ಚೆನ್ನಾಗಿದ್ದೀನಿ ಅನ್ನುವುದನ್ನು ಬಿಟ್ಟು ಬೇರೇನು ಹೇಳುತ್ತದೆ? ಈ ಒಂದು ಪ್ರಶ್ನೆಯ ಉತ್ತರದಲ್ಲೇ ನನಗೆ ಅರ್ಧ ಶಾಲೆ ಗೊತ್ತಾಗುತ್ತದೆ.

ಮೂರನೆಯದು ಕಾಯಿಲೆ. ನರ್ಸ್ ರಾತ್ರಿಯೂ ಇರುತ್ತಾರಾ? ಜ್ವರದ ಮಕ್ಕಳನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಾರಾ? ಎಷ್ಟು ಹೊತ್ತಿನೊಳಗೆ ಮನೆಗೆ ತಿಳಿಸುತ್ತಾರೆ? ಮಲೆನಾಡಿನ ಮಳೆಗಾಲದಲ್ಲಿ ಡೆಂಗಿ ಇದೆ, ಇಲಿಜ್ವರ ಇದೆ. ಒಂದು ಮಾತ್ರೆ ಕೊಟ್ಟು ಮೂರು ದಿನ ನೋಡುವ ಪದ್ಧತಿ ಇಲ್ಲಿ ಸಲ್ಲದು. ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಎರಡು ಗಂಟೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಗಾಡಿ ಇದೆಯಾ ಅಂತ ಕೇಳುವುದಕ್ಕೆ ಸಂಕೋಚ ಬೇಡ. ಕಜ್ಜಿ, ಹೇನು, ಹುಳುಕಡ್ಡಿ ಎಲ್ಲ ಹಾಸ್ಟೆಲುಗಳಲ್ಲೂ ಬರುತ್ತದೆ. ಬರುವುದೇ ಇಲ್ಲ ಅನ್ನುವವರನ್ನು ನಂಬಬೇಡಿ. ಬಂದಾಗ ಇಡೀ ಕೋಣೆಯ ಮಕ್ಕಳಿಗೆ ಒಟ್ಟಿಗೆ ಔಷಧಿ ಹಚ್ಚಿಸಿ, ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಸುತ್ತಾರಾ ಅನ್ನುವುದೇ ಪ್ರಶ್ನೆ.

ಶಿಕ್ಷೆಯ ವಿಷಯದಲ್ಲಿ ನನ್ನದು ರಾಜಿ ಇಲ್ಲದ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ಎರಡು ಪೆಟ್ಟು ಕೊಟ್ಟು ಸರಿಮಾಡಿ ಮೇಷ್ಟ್ರೇ ಅಂತ ನೀವೇ ಹೇಳಿ ಬರಬೇಡಿ, ಮಗುವಿನ ಎದುರಂತೂ ಬೇಡವೇ ಬೇಡ. ನಾಳೆ ನಿಜವಾಗಿ ಹೊಡೆತ ಬಿದ್ದಾಗ ಆ ಮಗು ನಿಮಗೆ ಹೇಳುವುದಿಲ್ಲ. ದೊಡ್ಡ ತರಗತಿಯ ಮಕ್ಕಳು ಚಿಕ್ಕವರಿಂದ ಬಟ್ಟೆ ಒಗೆಸುವುದು, ತಿಂಡಿ ಕಿತ್ತುಕೊಳ್ಳುವುದು ತಡೆಯಲು ಏನು ಮಾಡಿದ್ದಾರೆ, ಆರನೇ ತರಗತಿಯವರಿಗೆ ಬೇರೆ ಕೋಣೆ ಇದೆಯಾ ಅಂತ ಕೇಳಿ. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ. ಮೈಯ ಯಾವ ಭಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಅದು ಮಗುವಿನ ತಪ್ಪಲ್ಲ, ನಿಮಗೆ ಹೇಳಿದರೆ ನೀವು ಬೈಯುವುದಿಲ್ಲ ಅನ್ನುವುದನ್ನು ಬಿಡಿಸಿ ಹೇಳಿ. ಗಂಡುಮಕ್ಕಳಿಗೂ ಹೇಳಿ.

ಊಟದ್ದು ಬೇಗ ಹೇಳಿಬಿಡುತ್ತೇನೆ. ವಾರದ ಮೆನು ಗೋಡೆಯ ಮೇಲೆ ಇದ್ದರೆ ಸಾಲದು, ಒಂದು ಸಲ ಊಟದ ಹೊತ್ತಿಗೆ ಹೋಗಿ ನೋಡಿ. ಕುಡಿಯುವ ನೀರು ಕಾಯಿಸಿದ್ದಾ, ಫಿಲ್ಟರಿನದ್ದಾ ಅನ್ನುವುದನ್ನೂ ನೋಡಿ. ಮನೆ ತಿಂಡಿ ತರಬಾರದು ಅನ್ನುವ ನಿಯಮ ಇದ್ದರೆ ಪಾಲಿಸಿ. ಚಕ್ಕುಲಿ ಡಬ್ಬಿಯನ್ನು ಬಟ್ಟೆ ಕೆಳಗೆ ಮುಚ್ಚಿಟ್ಟು ಕಳಿಸಿದರೆ ಇರುವೆ, ಇಲಿ, ಜಗಳ ಮೂರೂ ಬರುತ್ತವೆ.

ತಯಾರಿ ಏಪ್ರಿಲ್‌ನಲ್ಲೇ ಶುರುವಾಗಲಿ

ಸಾಮಾನು ಕೊಳ್ಳುವುದು ಎರಡು ದಿನದ ಕೆಲಸ. ಮಗುವನ್ನು ತಯಾರು ಮಾಡುವುದಕ್ಕೆ ಎರಡು ತಿಂಗಳು ಬೇಕು. ತಾನೇ ಎದ್ದು ಹಲ್ಲುಜ್ಜಿ ಸ್ನಾನ ಮಾಡುವುದು, ಒಳಬಟ್ಟೆ ದಿನಾ ಒಗೆದು ಹಿಂಡಿ ಹಾಕುವುದು, ಸೊಳ್ಳೆ ಪರದೆ ಕಟ್ಟುವುದು, ತಟ್ಟೆ ತೊಳೆಯುವುದು, ಉಗುರು ಕತ್ತರಿಸಿಕೊಳ್ಳುವುದು. ಬಚ್ಚಲ ಹಂಡೆಯಲ್ಲಿ ಸದಾ ಬಿಸಿನೀರು ಇರುವ ಮನೆಯ ಮಕ್ಕಳಿಗೆ ಸಾಲಿನಲ್ಲಿ ನಿಂತು ಒಂದು ಬಕೆಟ್ಟಿನಲ್ಲಿ ಸ್ನಾನ ಮುಗಿಸುವುದೇ ದೊಡ್ಡ ಪಾಠ. ಅಜ್ಜಿ ಪಕ್ಕ ಮಲಗುವ ಅಭ್ಯಾಸ ಇದ್ದರೆ ಮೇ ತಿಂಗಳಿನಿಂದ ಬೇರೆ ಹಾಸಿಗೆ. ಉದ್ದ ಜಡೆ ಇರುವ ಹುಡುಗಿಯರು ತಾವೇ ಬಾಚಿ ಹೆಣೆದುಕೊಳ್ಳಲು ಕಲಿಯಲಿ, ಆಗದಿದ್ದರೆ ಕೂದಲು ಚಿಕ್ಕದು ಮಾಡಿಸಿ. ಮುಟ್ಟಿನ ಬಗ್ಗೆ, ಇನ್ನೂ ಶುರುವಾಗಿಲ್ಲದಿದ್ದರೂ, ಅಮ್ಮ ಕೂತು ಹೇಳಲೇಬೇಕು. ಪ್ಯಾಡ್ ಕಟ್ಟು ಪೆಟ್ಟಿಗೆಯಲ್ಲಿರಲಿ, ಯಾವ ಮೇಡಂಗೆ ಹೇಳಬೇಕು ಅನ್ನುವುದನ್ನು ಸೇರಿಸುವ ದಿನವೇ ತೋರಿಸಿ ಬನ್ನಿ.

ವೈದ್ಯರ ಹತ್ತಿರ ಒಂದು ಸಲ. ಹತ್ತು ವರ್ಷಕ್ಕೆ ಹಾಕುವ ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆ ಆಗಿದೆಯಾ ನೋಡಿ. ಕಣ್ಣು ತಪಾಸಣೆ, ಹಲ್ಲು, ರಕ್ತದ ಗುಂಪು. ಕನ್ನಡಕ ಇದ್ದರೆ ಇನ್ನೊಂದು ಜೊತೆ. ದಿನಾ ಮಾತ್ರೆ ತೆಗೆದುಕೊಳ್ಳುವ ಮಗುವಾದರೆ ಚೀಟಿಯ ಪ್ರತಿ ನರ್ಸ್‌ಗೆ ಒಂದು, ವಾರ್ಡನ್‌ಗೆ ಒಂದು. ಫಿಟ್ಸ್, ಉಬ್ಬಸ ಇದ್ದುದನ್ನು ಸೀಟು ಹೋಗುತ್ತದೆ ಅಂತ ಮುಚ್ಚಿಡಬೇಡಿ, ದಯವಿಟ್ಟು.

ಸಾಮಾನಿನ ಪಟ್ಟಿ ಶಾಲೆಯವರೇ ಕೊಡುತ್ತಾರೆ. ಅದರಲ್ಲಿ ಇಲ್ಲದ, ಮಲೆನಾಡಿಗೆ ಮಾತ್ರ ಬೇಕಾದ ಕೆಲವನ್ನು ಹೇಳುತ್ತೇನೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹಾಗಾಗಿ ಒಳಬಟ್ಟೆ, ಸಾಕ್ಸ್ ಪಟ್ಟಿಯಲ್ಲಿ ಹೇಳಿದ್ದಕ್ಕಿಂತ ಎರಡು ಪಟ್ಟು ಕಳಿಸಿ. ದಪ್ಪ ಟರ್ಕಿ ಟವೆಲ್ ಬೇಡ, ತೆಳು ಪಂಜೆ ಬಟ್ಟೆಯದು ಎರಡು ಇರಲಿ, ಬೇಗ ಒಣಗುತ್ತದೆ. ಚರ್ಮದ ಶೂ ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಕ್ಯಾನ್ವಾಸ್ ಶೂ ಒಣಗುವುದೇ ಇಲ್ಲ. ಮಳೆಗಾಲಕ್ಕೆ ಪ್ಲಾಸ್ಟಿಕ್ ಶೂ ಇಲ್ಲಾ ಚಪ್ಪಲಿ ಹಾಕಲು ಬಿಡುತ್ತಾರಾ ಅಂತ ಕೇಳಿ, ಬಿಡುವುದಿಲ್ಲ ಅಂದರೆ ಪೋಷಕರ ಸಭೆಯಲ್ಲಿ ಎಲ್ಲರೂ ಸೇರಿ ಕೇಳಿ. ಹಾಸ್ಟೆಲಿನಲ್ಲಿ ಬಟ್ಟೆ ಒಣಗಿಸಲು ಮಾಡು ಇರುವ ಜಾಗ ಇದೆಯಾ ಅನ್ನುವುದನ್ನು ನಾನು ಲ್ಯಾಬ್ ಇದೆಯಾ ಅನ್ನುವುದಕ್ಕಿಂತ ಮುಂಚೆ ನೋಡುತ್ತೇನೆ. ಒದ್ದೆ ಬಟ್ಟೆ ಹಾಕಿಕೊಂಡೇ ತೊಡೆಸಂದಿಯಲ್ಲಿ ಹುಳುಕಡ್ಡಿ ಎದ್ದು, ನಾಚಿಕೆಗೆ ಯಾರಿಗೂ ಹೇಳದೆ ತಿಂಗಳುಗಟ್ಟಲೆ ಕೆರೆದುಕೊಳ್ಳುವ ಮಕ್ಕಳು ಬಹಳ.

ತಗಡಿನ ಟ್ರಂಕು ಸಿಮೆಂಟ್ ನೆಲದ ತೇವಕ್ಕೆ ತುಕ್ಕು ಹಿಡಿಯುತ್ತದೆ, ಕೆಳಗೆ ಇಡಲು ಎರಡು ಮರದ ತುಂಡು ಕೊಟ್ಟು ಕಳಿಸಿ. ಬೀಗದ ಒಂದು ಕೀ ಮಗುವಿನ ಹತ್ತಿರ, ಇನ್ನೊಂದು ವಾರ್ಡನ್ ಹತ್ತಿರ. ಕಂಬಳಿ ಒಂದು ಬೇಕೇ ಬೇಕು. ಕೊಡೆಯ ಜೊತೆ ರೇನ್‌ಕೋಟೂ ಇರಲಿ, ಗಾಳಿ ಮಳೆಗೆ ಕೊಡೆ ನಿಲ್ಲುವುದಿಲ್ಲ. ಕರೆಂಟ್ ಹೋಗುವುದು ಇದ್ದದ್ದೇ, ಚಿಕ್ಕ ಟಾರ್ಚ್ ಕೊಡಿ. ಪ್ರತಿ ಬಟ್ಟೆಯ ಮೇಲೆ ಹೆಸರನ್ನು ದಾರದಲ್ಲಿ ಹೊಲಿಯಿರಿ, ಪೆನ್ನಿನ ಬರಹ ನಾಲ್ಕು ಒಗೆತಕ್ಕೆ ಅಳಿಸುತ್ತದೆ. ಚಿನ್ನದ ಓಲೆ, ಬೆಳ್ಳಿ ಚೈನು ಮನೆಯಲ್ಲೇ ಬಿಚ್ಚಿಡಿ.

ಬಿಟ್ಟು ಬರುವ ದಿನ, ಮತ್ತು ಆಮೇಲೆ

ಸುಳ್ಳು ಹೇಳಬೇಡಿ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ ಅಂತ ಹೇಳಿ ತಪ್ಪಿಸಿಕೊಂಡು ಬರುವ ಅಪ್ಪಂದಿರಿದ್ದಾರೆ. ಆ ಮಗು ಭಾನುವಾರ ಇಡೀ ಗೇಟಿನ ಹತ್ತಿರ ಇರುತ್ತದೆ. ಮುಂದಿನ ಭೇಟಿ ಯಾವತ್ತು ಅಂತ ತಾರೀಖು ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಡಿ, ಆ ದಿನ ಏನೇ ಆದರೂ ಹೋಗಿ. ಅವತ್ತು ಗದ್ದೆ ನಾಟಿ ಇದ್ದರೆ ಮನೆಯಿಂದ ಒಬ್ಬರಾದರೂ ಹೋಗಲಿ.

ಮೊದಲ ಎರಡು ಮೂರು ವಾರ ಅಳು ಸಹಜ. ಹೆಚ್ಚಿನ ಮಕ್ಕಳು ಆಮೇಲೆ ಹೊಂದಿಕೊಳ್ಳುತ್ತಾರೆ, ಫೋನಿನಲ್ಲಿ ಗೆಳೆಯರ ಹೆಸರು ಕೇಳಿಸಲು ಶುರುವಾದರೆ ಅದೇ ಗುರುತು. ಊಟ ಸೇರದಿರುವುದು, ತೂಕ ಇಳಿಯುವುದು, ರಾತ್ರಿ ಬೆಚ್ಚುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯ ಹೆಸರು ತೆಗೆದರೆ ಸುಮ್ಮನಾಗುವುದು, ಇವು ಅಳುವಿನ ಥರ ಅಲ್ಲ. ಇಂಥದ್ದು ಕಂಡರೆ ದಸರಾ ರಜೆಗೆ ಕಾಯದೆ ಹೋಗಿ ಕರೆದುಕೊಂಡು ಬನ್ನಿ, ಮನೆಯಲ್ಲಿ ಎರಡು ದಿನ ಇರಿಸಿಕೊಂಡು ಮಾತಾಡಿಸಿ. ಬೇರೆ ತೊಂದರೆ ಇಲ್ಲದೆ ಬರೀ ಮನೆ ನೆನಪಾದರೆ ದಸರಾ ತನಕ ನೋಡಿ, ರಜೆಯಲ್ಲಿ ಮಗುವಿನ ಮಾತು ಪೂರ್ತಿ ಕೇಳಿ ಆಮೇಲೆ ತೀರ್ಮಾನ ಮಾಡಿ.

ವಾಪಸ್ ತರುವುದೇ ಸರಿ ಅನ್ನಿಸಿದರೆ ವರ್ಷ ಹಾಳಾಗುತ್ತದೆ ಅಂತ ಹೆದರಬೇಡಿ, ಜನ ಏನಂತಾರೆ ಅಂತಲೂ ಬೇಡ. ಹದಿನಾಲ್ಕು ವರ್ಷದವರೆಗಿನ ಮಗುವಿಗೆ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಗೆ ವರ್ಗಾವಣೆ ಕೇಳುವ ಹಕ್ಕು ಅದೇ 2009ರ ಕಾಯ್ದೆಯ 5ನೇ ಸೆಕ್ಷನ್‌ನಲ್ಲಿದೆ. ಹಳೆಯ ಶಾಲೆಯ ಮುಖ್ಯಶಿಕ್ಷಕರು ಟಿಸಿಯನ್ನು (ವರ್ಗಾವಣೆ ಪತ್ರ) ಕೂಡಲೇ ಕೊಡಬೇಕು, ಟಿಸಿ ಬಂದಿಲ್ಲ ಅಂತ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಅಕ್ಟೋಬರ್‌ನಲ್ಲಿ ಹಾಗೆ ಬಂದ ಮಗುವನ್ನು ಊರ ಶಾಲೆಯವರು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡಿದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಅರ್ಜಿ ಬರೆದುಕೊಡಿ.